ಪಾಲು ಎಂದರೆ ಬೆಚ್ಚುವವನು

ಹುಲಿಗೆ ಹೆದರುವವರಿಗೆ ಒಂದು ಮರ್ಯಾದೆಯಿದೆ. ನಾನು ಹೆದರುವುದು ಒಂದು ಶಬ್ದಕ್ಕೆ. ‘ಪಾಲು’ ಎಂದು ಕಿವಿಗೆ ಬಿದ್ದರೆ ಸಾಕು, ಕೂತಲ್ಲಿಂದ ಎಗರುತ್ತೇನೆ, ಬಲಗೈ ತಾನಾಗಿ ತಲೆಯ ಮೇಲೇರುತ್ತದೆ. ತಪ್ಪು ನನ್ನ ಮರಾಠಿಯದು. ನಮ್ಮದು ತೆಲಸಂಗ, ಹೆಂಡತಿಯ ತವರು ಕೊಗನೊಳ್ಳಿಯಲ್ಲಿ ಅರ್ಧ ಮಾತು ಮರಾಠಿಯೇ. ಮದುವೆಯ ಹೊಸತರಲ್ಲಿ ಅಲ್ಲಿ ಊಟಕ್ಕೆ ಕೂತಾಗ ಅತ್ತೆ ಮೇಲೆ ನೋಡಿ “ಪಾಲ! ಪಾಲ!” ಎಂದು ಕೂಗಿದರು. ಅಳಿಯನಿಗೆ ಆಸ್ತಿಯಲ್ಲಿ ಪಾಲು ಕೊಡುತ್ತಿದ್ದಾರೆಂದು ತಿಳಿದು ನಾಚಿಕೊಂಡು, “ನನಗ್ಯಾಕ್ರಿ ಪಾಲು, ನಿಮ್ಮ ಆಶೀರ್ವಾದ ಇದ್ರ ಸಾಕು” ಎಂದೆ. ಅಷ್ಟರಲ್ಲಿ ಹಲ್ಲಿಯೊಂದು ದೊಪ್ಪನೆ ತಲೆಯ ಮೇಲೆ ಬಿದ್ದು ಅಂಗಿಯೊಳಗೆ ಇಳಿಯಿತು. ಮರಾಠಿಯಲ್ಲಿ ಹಲ್ಲಿಗೆ ಪಾಲ ಎನ್ನುತ್ತಾರೆಂದು ಅಂಗಿ ಬಿಚ್ಚಿದ ಮೇಲೆ ತಿಳಿಯಿತು.

ಈ ವರ್ಷ ಅಣ್ಣ ಫೋನಿನಲ್ಲಿ “ಜಮೀನ ಪಾಲು ಮಾಡ್ಕೊಳ್ಳೂಣು” ಎಂದಾಗ ಮೊಬೈಲೇ ಕೈಯಿಂದ ಹಾರಿತು. ಅವ್ವ ಮೆಣಸಿನ ಗಿಡ ಹಚ್ಚುತ್ತಿದ್ದ ಬಾವಿ ಹೊಲದ ಮೇಲೆ ನನಗೆ ಬಹಳ ಆಸೆ. ಪಾಲು ಹಂಚಲು ಕೂಡುವ ಊರ ಹಿರಿಯರ ಎದುರು ಹೀಗೆ ಎಗರಿದರೆ ಗತಿಯೇನು? ಮೆದುಳಿನ ಬಗ್ಗೆ ಓದುತ್ತಿರುವ ನಾದಿನಿಯ ಮಗಳನ್ನು ಕೇಳಿದೆ.

“ಕಾಕಾ, ತಲಿಯೊಳಗ ಹೆದರಿಕಿಗೆ ಬ್ರೇಕ್ ಹಾಕೂ ಜೀವಕೋಶ ಅದಾವ. ಅವತ್ತು ಆ ಬ್ರೇಕ್ ಸಡ್ಲಾಗಿ ಹೆದರಿಕಿ ಒಳಗ ಕುಂತೈತಿ. ಅದು ಅಳಿಸಿ ಹೋಗೂದಿಲ್ಲ. ಹಲ್ಲಿ ಇಲ್ಲದ ಕಡೆ ಆ ಶಬ್ದ ಮತ್ತ ಮತ್ತ ಕೇಳ್ರಿ, ಹೊಸಾ ಬ್ರೇಕ್ ಬರತೈತಿ.”

ಈಗ ನಾವಿರುವ ಚಿಕ್ಕೋಡಿಯ ಮನೆಯ ಅಡುಗೆಮನೆಯಲ್ಲಿ ಹೆಂಡತಿ ತಿಂಗಳಿಡೀ ರೊಟ್ಟಿ ಬಡಿಯುತ್ತ “ಪಾಲು, ಪಾಲು” ಎಂದಳು. ಕೊನೆಗೆ ನನಗೆ ಅದನ್ನು ಕೇಳಿ ಆಕಳಿಕೆ ಬರತೊಡಗಿತು. ಎದೆಯುಬ್ಬಿಸಿ ಅವಳೊಂದಿಗೆ ತೆಲಸಂಗಕ್ಕೆ ಹೋದೆ.

ಹಿರಿಯರಲ್ಲಿ ಒಬ್ಬರು, “ಬಾವಿ ಹೊಲ ಅಣ್ಣಗ, ಕಲ್ಲಹೊಲ ತಮ್ಮಗ. ಒಪ್ಪಿಗಿ ಇದ್ರ ತಮ್ಮ ಕೈ ಎತ್ಲಿ” ಎಂದರು. ಬೇಡ ಎನ್ನಲು ನಾನು ಬಾಯಿ ತೆರೆದಿದ್ದೆ. ಅವರು ನನ್ನತ್ತ ಬೆರಳು ಮಾಡಿ, “ಏನಪಾ, ಇದು ನಿನ್ನ ಪಾಲು!” ಎಂದು ಗುಡುಗಿದರು. ಎಗರಿದೆ. ಕೈ ತಲೆಯ ಮೇಲಿತ್ತು.

“ಒಪ್ಪಿದಾ!” ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಕೂಡಲೇ ಹೊರಗೆ ಬಂದು ನಾದಿನಿಯ ಮಗಳಿಗೆ ಫೋನ್ ಹಚ್ಚಿದೆ. “ಜಾಗಾ ಬದಲಾದ್ರ ಆ ಬ್ರೇಕ್ ಅಷ್ಟ ಹತ್ತೂದಿಲ್ಲ ಕಾಕಾ, ಹೇಳಾಕ ಮರ್ತೆ” ಎಂದಳು.

ಒಳಗೆ ಬಂದರೆ ಅಣ್ಣ ಕಣ್ಣೀರು ಹಾಕುತ್ತ ತಬ್ಬಿಕೊಂಡ. “ತಮ್ಮಾ, ನಿಂದು ಭಾಳ ದೊಡ್ಡ ಮನಸಲೇ.” ನಿಜ ಹೇಳಿಬಿಡಿ ಎಂದು ಹೆಂಡತಿ ಹಿಂದಿನಿಂದ ಚಿವುಟಿದಳು. ಅವ್ವನ ಬಾವಿ ಹೊಲ ಕೈಬಿಟ್ಟು ಹೋಗಿತ್ತು. ಆದರೂ ನಾನು ತಲೆತಗ್ಗಿಸಿ ವಿನಯದಿಂದ ನಕ್ಕೆ. ಹೆದರಿದೆ ಎಂದು ಹೇಳುವುದಕ್ಕೂ ಧೈರ್ಯ ಬೇಕು. ತ್ಯಾಗಿ ಎನಿಸಿಕೊಳ್ಳುವುದಕ್ಕೆ ಅದರ ಅಗತ್ಯವಿಲ್ಲ.