ಮೂವತ್ತೆಂಟು ಜೋಡಿ ಚಪ್ಪಲಿ

“ಪೋಲಾಂ ರೈಟ್!” ಎಂದು ತಮಿಳು ಕಂಡಕ್ಟರನ ಹಾಗೆ ಕೂಗಿ ಬಸ್ಸಿನ ಬಾಗಿಲಿಗೆ ಎರಡು ಏಟು ಕೊಟ್ಟೆ. ಬಸ್ಸು ತಿರುಕ್ಕಳುಕುಂಡ್ರಂ ಬೆಟ್ಟ ಬಿಟ್ಟು ಮಾಮಲ್ಲಪುರದ ಕಡೆ ಹೊರಟಿತು.

“ಎಲ್ರೂ ಹತ್ತುದ್ರೇನೋ?” ಅಂದಳು ಅಕ್ಕ.

“ಕೆಳಗೆ ಒಂದು ಜೋಡಿ ಚಪ್ಪಲಿನೂ ಉಳಿದಿಲ್ಲ ಕಣಕ್ಕ!”

ನಾನು ಅಂಬತ್ತೂರಿನ ಫ್ಯಾಕ್ಟರಿಯಲ್ಲಿ ಲೇತ್ ಮೆಷಿನ್ ಓಡಿಸುವವನು. ಎಂಟನೇ ಕ್ಲಾಸಿನಲ್ಲಿ ಸ್ಕೂಲೇ ನನ್ನನ್ನು ಬಿಟ್ಟಿತು. ವೆಸ್ಟ್ ಮಾಂಬಲಂ ಕನ್ನಡದವರ ಈ ಟೂರಿನಲ್ಲಿ ತಲೆ ಎಣಿಸುವ ಮಹಾ ಜವಾಬ್ದಾರಿಯನ್ನು ಅಕ್ಕ ನನಗೆ ಕೊಡಿಸಿದ್ದಳು. ರೈಲ್ವೆಯಿಂದ ರಿಟೈರಾದ ರಾಜಶೇಖರಪ್ಪನವರು ಮಗಳು ಗಿರಿಜೆಯ ಜೊತೆ ಬಂದಿದ್ದರು. ಅವಳನ್ನು ನನಗೆ ಕೊಡುವುದೋ ಬೇಡವೋ ಎಂದು ಅವತ್ತು ನೋಡುವವರಿದ್ದರು.

ತಲೆ ಎಣಿಸುವುದು ಆಗದ ಕೆಲಸ. ಒಬ್ಬರು ಎಳನೀರಿಗೆ ಓಡುತ್ತಾರೆ, ಒಬ್ಬರು ಮಲ್ಲಿಗೆಗೆ. ಚಪ್ಪಲಿ ಓಡುವುದಿಲ್ಲ! ಬೆಟ್ಟದ ಮೇಲಿನ ಗುಡಿಗೆ ಹೋಗುವಾಗ ಕೆಳಗೆ ನಮ್ಮವರು ಬಿಟ್ಟಿದ್ದು ಮೂವತ್ತೆಂಟು ಜೋಡಿ. ಮೂವತ್ತೆಂಟೂ ಬಸ್ಸು ಹತ್ತಿದವು. ಲೆಕ್ಕ ಮುಗಿಯಿತು.

ದಾರಿಯುದ್ದಕ್ಕೂ ಹಸಿರು ಗದ್ದೆ, ಕೆರೆಯಲ್ಲಿ ಕೊಕ್ಕರೆ. ಹಾಡು ಶುರುವಾಯಿತು. ಮುಂದಿನ ಸೀಟಿನಿಂದ ಗಿರಿಜೆ ತಿರುಗಿ, “ಅಪ್ಪ ಎಲ್ಲಿ? ಕಾಣ್ತಾನೇ ಇಲ್ಲ” ಎಂದಳು.

ಕೊನೆಯ ಸೀಟಿನ ಮೂಲೆಯಲ್ಲಿ ಶಾಲು ಹೊದ್ದ ಆಕಾರ ಕಂಡಿತು. “ನಿದ್ದೆ ಮಾಡ್ತಾವ್ರೆ” ಎಂದೆ. ಅಷ್ಟಕ್ಕೇ ಬಿಟ್ಟೆನೇ? “ಹಿರಿಯರು ಮಲಗವ್ರೆ, ಹಾಡು ನಿಲ್ಸಿ!” ಎಂದು ಇಡೀ ಬಸ್ಸಿನ ಬಾಯಿ ಮುಚ್ಚಿಸಿದೆ. ಗಿರಿಜೆ ನನ್ನ ಕಡೆ ನೋಡಿ ನಕ್ಕಳು. ಮದುವೆ ಮುಗಿದ ಹಾಗೇ!

ಮಾಮಲ್ಲಪುರದಲ್ಲಿ ಎಲ್ಲರೆದುರು ವಿನಯದಿಂದ ಬಗ್ಗಿದೆ. “ಮಾವ, ಏಳಿ. ಊರು ಬಂತು.”

ಮಾವ ಏಳಲಿಲ್ಲ. ಅಲ್ಲಾಡಿಸಿದೆ. ಶಾಲು ಜಾರಿತು. ಪುಳಿಯೋಗರೆ ಡಬರಿ!

ಬೆಟ್ಟ ಹತ್ತುವ ಮೊದಲು, ಸೀಟು ಹೋಗದಿರಲೆಂದು ಅವರೇ ಡಬರಿ ಇಟ್ಟು ಶಾಲು ಹೊದಿಸಿದ್ದರು. ಸೀಟಿನ ಕೆಳಗೆ ಅವರ ಹೊಸ ಚಪ್ಪಲಿ. ಕಳುವಾದೀತೆಂದು ಬಸ್ಸಿನಲ್ಲೇ ಬಿಟ್ಟು, ಬರಿಗಾಲಲ್ಲಿ ಬೆಟ್ಟಕ್ಕೆ ಹೋಗಿದ್ದರು.

“ಮುಟ್ಟಾಳ! ತಲೆ ಎಣ್ಸು ಅಂದ್ರೆ ಕಾಲು ಎಣ್ಸಿದ್ಯಾ?” ಅಕ್ಕ ಬೆನ್ನಿಗೆ ಗುದ್ದಿದಳು.

ಬಸ್ಸು ತಿರುಗಿಸುವಷ್ಟರಲ್ಲಿ ವ್ಯಾನೊಂದು ಬಂದು ನಿಂತಿತು. ಖಾಲಿ ಮೀನುಬುಟ್ಟಿಗಳ ನಡುವೆ ರಾಜಶೇಖರಪ್ಪನವರು! ವಿಭೂತಿ ಬೆವರಲ್ಲಿ ಇಳಿದಿತ್ತು. ಮೂಗಿಗೆ ಪಂಚೆಯ ತುದಿ.

“ತಪ್ಪಾಯ್ತು ಮಾವ” ಎಂದೆ.

“ಯಾವನಿಗೋ ಮಾವ? ನಿನಗೆ ಮಗಳನ್ನ ಕೊಟ್ರೆ, ಅವಳನ್ನ ಸ್ಟೇಷನ್‌ನಲ್ಲಿ ಬಿಟ್ಟು ಪೆಟ್ಟಿಗೆ ಮನೆಗೆ ಹೊತ್ಕೊಂಡು ಹೋಗ್ತೀಯ!”

ಬಸ್ಸೆಲ್ಲ ನಕ್ಕಿತು. ಗಿರಿಜೆ ಎಲ್ಲರಿಗಿಂತ ಜೋರಾಗಿ. ಸಂಬಂಧ ಅಲ್ಲೇ ಮುರಿಯಿತು.

ವಾಪಸ್ ಹೊರಡುವಾಗ ತಲೆಗಳನ್ನು ಅವರೇ ಎಣಿಸಿದರು. ನನ್ನದನ್ನು ಬಿಟ್ಟು.

ಅಷ್ಟೇ. ಇನ್ನು ಹೇಳುವುದಕ್ಕೆ ಏನೂ ಇಲ್ಲ.