ಅತ್ತೆಯ ಜೊತೆ ಮಾತಾಡಿದವಳು

ನಮ್ಮ ಅಣ್ಣನ ಮಗಳ ಬೈತಲೆ ನನಗೆ ಚೆನ್ನಾಗಿ ಪರಿಚಯ. ಮುಖದ ಪರಿಚಯ ಅಷ್ಟಕ್ಕಷ್ಟೆ. ಹದಿನಾರರ ಹುಡುಗಿ, ಸದಾ ತಲೆ ತಗ್ಗಿಸಿ ಮೊಬೈಲು ನೋಡುತ್ತಿದ್ದರೆ ಇಡೀ ಬೆಳಗಾವಿಯಲ್ಲಿ ಯಾರಿಗೆ ತಾನೇ ಮುಖ ಕಂಡೀತು?

ಊಟಕ್ಕೆ ಕೂತಾಗ ಚಟ್ನಿ ಬೇಕಾದರೆ, ಎದುರಿಗೇ ಕೂತ ಅವ್ವನಿಗೆ ಮೆಸೇಜು ಕಳಿಸುತ್ತಾಳೆ. ಒಂದು ದಿನ ಅತ್ತಿಗೆ ರೇಗಿದರು.

"ನಿನಗ ಬಾಯಿ ಅದನೋ ಇಲ್ಲೋ?"

ಅವರ ಮೊಬೈಲಿಗೆ ಉತ್ತರ ಬಂತು: "ಅದ. ಅದರಾಗ ರೊಟ್ಟಿ ಐತಿ."

ಇನ್ನೊಮ್ಮೆ ನನ್ನ ಜೊತೆ ಪೇಟೆಗೆ ಬಂದಳು. ಮೊಬೈಲು ನೋಡುತ್ತಲೇ ನಡೆದು, ಬಟ್ಟೆ ಅಂಗಡಿಯ ಮುಂದೆ ಸೀರೆ ಉಡಿಸಿ ನಿಲ್ಲಿಸಿದ್ದ ಬೊಂಬೆಗೆ ಡಿಕ್ಕಿ ಹೊಡೆದು, "ಸಾರಿ ರೀ ಆಂಟಿ" ಎಂದಳು. ಅಂಗಡಿಯವರು ಭಾರಿ ಸಭ್ಯರು. "ಇರಲಿ ಬಿಡವಾ, ಆಕಿ ಸಿಟ್ಟಾಗಾಂಗಿಲ್ಲ" ಎಂದರು. ಆ ವಾರ ಅವಳ ದನಿ ನನ್ನ ಕಿವಿಗೆ ಬಿದ್ದದ್ದು ಅದೊಂದೇ ಸಲ!

ಹುಡುಗಿ ಸೊಕ್ಕಿನವಳಲ್ಲ, ನಾಚಿಕೆಯವಳು. ಮನೆಗೆ ನೆಂಟರು ಬಂದರೆ ಬಾಗಿಲ ಹಿಂದೆ ಸೇರುತ್ತಾಳೆ. ಅದೇ ನೆಂಟರು ಕುಟುಂಬದ ಗ್ರೂಪಿನಲ್ಲಿ ಬಾಯಿ ಹಾಕಿದರೆ ಮಾತ್ರ ವಕೀಲರ ಹಾಗೆ ವಾದಿಸಿ ಸೋಲಿಸುತ್ತಾಳೆ.

ಕಳೆದ ತಿಂಗಳು ಖಾನಾಪುರದ ನಮ್ಮ ಸೋದರತ್ತೆಯ ಮನೆಯಲ್ಲಿ ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ರಮವಿತ್ತು. ದಾರಿಯಲ್ಲೇ ಅಣ್ಣ ನನ್ನ ಕಿವಿಯಲ್ಲಿ ಹೇಳಿದ. "ಇವತ್ತ ಊಟ ಆದಮ್ಯಾಲೆ ಮೊಬೈಲ್ ಕಸಗೊಂಡು ಬಿಡ್ತೀನಿ. ನಾಕು ಮಂದಿ ಜೋಡಿ ಮಾತಾಡೂದು ಕಲೀಲಿ."

ಊಟವಾಯಿತು, ಹುಡುಗಿ ಕಾಣೆ. ಸಿಗ್ನಲ್ ಹುಡುಕಿಕೊಂಡು ಮಾಳಿಗೆ ಹತ್ತಿರಬೇಕೆಂದು ಅಣ್ಣ ಹತ್ತಿ ಇಳಿದ. ಅಷ್ಟರಲ್ಲಿ ಹಿತ್ತಲ ಕಟ್ಟೆಯಿಂದ ಅತ್ತೆಯ ನಗು ಕೇಳಿಸಿತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅತ್ತೆಗೆ ಕಿವಿ ಪೂರ್ತಿ ಹೋಗಿ ವರ್ಷಗಳಾದವು. ಕೂಗಿ ಕೂಗಿ ಸಾಕಾಗಿ, ನಾವೆಲ್ಲ ಕೈಮುಗಿದು ನಕ್ಕು ಮುಂದೆ ಹೋಗುವುದನ್ನು ರೂಢಿಸಿಕೊಂಡಿದ್ದೆವು.

ಹೋಗಿ ನೋಡಿದರೆ, ಹುಡುಗಿ ಮೊಬೈಲಿನಲ್ಲಿ ಹೆಬ್ಬೆರಳಿನಷ್ಟು ದಪ್ಪ ಕನ್ನಡ ಅಕ್ಷರ ಮೂಡಿಸಿ ಅತ್ತೆಯ ಮುಂದೆ ಹಿಡಿದಿದ್ದಳು: "ಅಪ್ಪ ಸಣ್ಣಾವಿದ್ದಾಗ ಹೆಂಗಿದ್ದ?"

ಅತ್ತೆ ಓದಿ, ಓಣಿಗೆಲ್ಲ ಕೇಳುವಂತೆ ಹೇಳಿದರು. "ನಿಮ್ಮಪ್ಪನಾ? ಮೀಸಿ ಬರೂತನಕ ಸಾಲಿಗೆ ಅಳಕೋಂತ ಹೋಗತಿದ್ದ."

ಅಣ್ಣ ಕೆಮ್ಮಿ, ಮೊಬೈಲಿಗೆ ಕೈ ಚಾಚಿದ. ಅತ್ತೆ ಆ ಕೈಯನ್ನು ಮೆಲ್ಲಗೆ ಸರಿಸಿದರು.

"ತಡೀಪಾ. ಎಷ್ಟೋ ದಿನದ ಮ್ಯಾಲೆ ನನ್ನ ಜೋಡಿ ಒಬ್ರು ಮಾತಾಡಾಕತ್ತಾರ."

ಅಣ್ಣ ಕೈ ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಕಟ್ಟೆಯ ಮೇಲೆ ಮಗಳ ಪಕ್ಕದಲ್ಲಿ ಕೂತು, "ಅಕ್ಷರ ಇಷ್ಟು ದಪ್ಪ ಹೆಂಗ ಮಾಡೂದವಾ?" ಎಂದು ಕೇಳಿದ. ಅವಳು ತೋರಿಸಿಕೊಟ್ಟಳು. ಒಂದೇ ಬೆರಳಿನಲ್ಲಿ ತಡವುತ್ತಾ ಅವನು ಬರೆದ: "ಅತ್ತಿ, ಊಟ ಆತ?"

ಅತ್ತೆ ಅದನ್ನು ಬಹಳ ಹೊತ್ತು ನೋಡಿದರು.

"ಆತಪಾ," ಎಂದರು. "ನೀ ಉಂಡಿ?"