ಮುಳುಗುವ ಮುನ್ನ ಒಂದು ಮೀಟರ್

ಕರಾವಳಿಯಲ್ಲಿ ಹುಟ್ಟಿದವರೆಲ್ಲ ಚೆನ್ನಾಗಿ ಈಜುತ್ತಾರೆ ಎಂಬ ನಂಬಿಕೆ ಡೊಂಬಿವಲಿಯಲ್ಲಿ ಬಲವಾಗಿದೆ. ಅದನ್ನು ಹುಟ್ಟಿಸಿದವನು ನಾನಲ್ಲ. ಆದರೆ ಮೂವತ್ತು ವರ್ಷ ಸಾಕಿ ಬೆಳೆಸಿದವನು ನಾನೇ. ಸ್ಟೇಷನ್ನಿನ ಪೂರ್ವಕ್ಕೆ ನಮ್ಮದೊಂದು ಸಸ್ಯಾಹಾರಿ ಹೋಟೆಲು. ಗಲ್ಲಾದಲ್ಲಿ ಕೂತವನಿಗೆ ಬಾಯಿ ಸುಮ್ಮನಿರುವುದಿಲ್ಲ. ಗಿರಾಕಿಗಳು ಮಳೆಯ ಮಾತೆತ್ತಿದರೆ ನಾನು ಮಲ್ಪೆಯ ಸಮುದ್ರದ ಮಾತೆತ್ತುತ್ತಿದ್ದೆ. ದೋಣಿಯಿಂದ ಹಾರಿದ್ದು, ಅಲೆಯ ಮೇಲೆ ಅಂಗಾತ ಮಲಗಿದ್ದು, ತಳಕ್ಕೆ ಹೋಗಿ ಮುಷ್ಟಿ ತುಂಬ ಮರಳು ತಂದದ್ದು. ವರ್ಷದಿಂದ ವರ್ಷಕ್ಕೆ ನನ್ನ ಬಾಲ್ಯ ಇನ್ನಷ್ಟು ಆಳವಾಗುತ್ತ ಹೋಯಿತು. ನಿಜ ಹೇಳುತ್ತೇನೆ, ನಿಮ್ಮಲ್ಲೇ ಇರಲಿ: ಸಮುದ್ರಕ್ಕೂ ನನಗೂ ಇದ್ದ ಪರಿಚಯ ಕಾಲಿನ ಗಂಟಿನವರೆಗೆ ಮಾತ್ರ. ಅಲೆ ಹಿಂದೆ ಸರಿಯುವಾಗ ಪಾದದಡಿಯ ಮರಳು ಜಾರುತ್ತದಲ್ಲ, ಅಷ್ಟಕ್ಕೇ ನನಗೆ ತಲೆ ಸುತ್ತುತ್ತಿತ್ತು.

ಗಲ್ಲಾದ ಪಕ್ಕ ಕೂತು ಹೋಂವರ್ಕ್ ಮಾಡುತ್ತಿದ್ದ ಮಗಳು ಅನಘಾ ಇದನ್ನೆಲ್ಲ ನಂಬಿಕೊಂಡೇ ಬೆಳೆದಳು. ನೆರೂಳಿನ ಕಾಲೇಜಿಗೆ ಸೇರಿದ ಮೇಲೆ ಗೆಳತಿಯರ ಜೊತೆ ಮಾಲವಣಕ್ಕೆ ಹೋಗಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದನ್ನು ಕಲಿತು ಬಂದಳು. ಬಂದವಳೇ, "ಪಪ್ಪಾ, ಅಗಲೀ ಬಾರ್ ಆಪ್ ಭೀ ಚಲೋ. ಆಪ್ ತೋ ಎಕ್ಸ್‌ಪರ್ಟ್ ಹೋ!" ಎಂದು ಮುಂದಿನ ಸಲಕ್ಕೆ ನನ್ನನ್ನೂ ಕರೆದಳು. ನಾವು ಕನ್ನಡದಲ್ಲಿ ಕೇಳುವುದು, ಅವಳು ಹಿಂದಿಯಲ್ಲಿ ಉತ್ತರಿಸುವುದು ನಮ್ಮ ಮನೆಯ ಪದ್ಧತಿ. ಒಳಗಿನಿಂದ ನನ್ನ ಹೆಂಡತಿ ಸುಮನಾ, "ಹೋಗಿ ಬನ್ನಿ ಮಾರಾಯ್ರೆ, ನೀವು ನೀರಿಗೆ ಇಳಿಯದೆ ಎಷ್ಟು ಕಾಲ ಆಯ್ತಲ್ಲ" ಎಂದಳು. ಆ ಮಾತಿನಲ್ಲಿ ಇದ್ದದ್ದು ಭಕ್ತಿಯೋ ಕುಚೇಷ್ಟೆಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆಗುವುದಿಲ್ಲ ಎಂದುಬಿಡಬಹುದಿತ್ತು. ಆದರೆ ಆ ಒಂದು ಮಾತಿಗೆ ಅವಳು ಇಪ್ಪತ್ತು ವರ್ಷ ನಂಬಿದ ಅಪ್ಪ ಪೂರ್ತಿ ಸುಳ್ಳಾಗುತ್ತಿದ್ದ. ಮುಳುಗುವುದಕ್ಕಿಂತ ನನಗೆ ಅದರ ಭಯವೇ ಹೆಚ್ಚು. ಹಾಗಾಗಿ ಒಂದು ಉಪಾಯ ಹೂಡಿದೆ: "ಬಾಡಿಗೆ ಸಾಮಾನಿನಲ್ಲಿ ನಾನು ಇಳಿಯುವವನಲ್ಲ. ಮೊದಲು ನನ್ನ ಸ್ವಂತ ಸಾಮಾನು ಆರಿಸುತ್ತೇನೆ." ಹೋಟೆಲಿಗೆ ಗ್ರೈಂಡರ್ ಆರಿಸಲು ಮೂರು ತಿಂಗಳು ತೆಗೆದುಕೊಂಡವನು ನಾನು. ಸಮುದ್ರದ ಸಾಮಾನಿಗೆ ಮೂರು ವರ್ಷವಾದರೂ ಬೇಕಲ್ಲ.

ವಾಶಿಯಲ್ಲಿ ಒಂದು ಅಂಗಡಿ ಸಿಕ್ಕಿತು. ಮಾಲೀಕ ಡಿಸೋಜಾ, ಮಾತಿಗೆ ಬೇಸರವಿಲ್ಲದ ಮನುಷ್ಯ. ಮೊದಲ ಭಾನುವಾರ ಮುಖಕ್ಕೆ ಹಾಕುವ ಮಾಸ್ಕು ನೋಡಿದೆವು. ಮೀಸೆಯಿದ್ದರೆ ಸಂದಿನಿಂದ ನೀರು ನುಗ್ಗುತ್ತದೆಯಂತೆ. ಬೋಳಿಸಬೇಕು, ಇಲ್ಲವೇ ವ್ಯಾಸಲೀನ್ ಮೆತ್ತಬೇಕು. ಮೀಸೆಯ ವಿಚಾರ ಇತ್ಯರ್ಥವಾಗಲು ಎರಡು ಭಾನುವಾರ ಹಿಡಿಯಿತು. ವ್ಯಾಸಲೀನ್ ಗೆದ್ದಿತು. ಆಮೇಲೆ ಬಂತು ದೊಡ್ಡ ಪ್ರಶ್ನೆ: ಆಳ ತೋರಿಸಲು ಮುಳ್ಳಿನ ಮೀಟರೋ, ಕೈಗೆ ಕಟ್ಟುವ ಕಂಪ್ಯೂಟರೋ?

ನನ್ನ ಮನಸ್ಸು ಮುಳ್ಳಿನ ಕಡೆಗಿತ್ತು. ನಮ್ಮ ತಂದೆಯ ಕಾಲದಲ್ಲಿ ಇಡ್ಲಿಯ ಬಾಯ್ಲರಿಗೆ ಅಂಥದೇ ಒಂದು ಮೀಟರಿತ್ತು. ತಂದೆಯವರು ಅದರ ಗಾಜಿಗೆ ಬೆರಳಿನಿಂದ ಎರಡು ಸಲ ತಟ್ಟಿ, ಮುಳ್ಳು ನಡುಗಿ ನಿಂತ ಮೇಲೆಯೇ ಅದನ್ನು ನಂಬುತ್ತಿದ್ದರು. "ಇದನ್ನೂ ತಟ್ಟಬಹುದೇ?" ಎಂದು ಡಿಸೋಜಾನನ್ನು ಕೇಳಿದೆ. ಅವನು ನಕ್ಕು, "ಅಂಕಲ್, ಕಾಂಟಾ ಸಿರ್ಫ್ ಗೆಹರಾಯೀ ಬತಾತಾ ಹೈ, ಹಿಸಾಬ್ ಆಪ್ ಕೋ ಕರನಾ ಪಡೇಗಾ" ಎಂದ. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂದು ಕೋಷ್ಟಕ ನೋಡಿ ನಾವೇ ಲೆಕ್ಕ ಹಾಕಬೇಕು. ಕಂಪ್ಯೂಟರ್ ಆ ಲೆಕ್ಕ ತಾನೇ ಮಾಡುತ್ತದೆ, ಬೇಗ ಮೇಲೆ ಬಂದರೆ ಕಿರುಚುತ್ತದೆ, ಪ್ರತಿ ಇಳಿತವನ್ನೂ ತಾರೀಖಿನ ಸಮೇತ ನೆನಪಿಡುತ್ತದೆ. ಮುಳ್ಳಿನದರಲ್ಲಿ ಹೋದ ಅತಿ ಆಳಕ್ಕೆ ಒಂದು ಕೆಂಪು ಮುಳ್ಳು ನಿಲ್ಲುತ್ತದೆ, ಅಷ್ಟೇ; ತಿರುಪು ತಿರುಗಿಸಿದರೆ ಅದೂ ಸೊನ್ನೆಗೆ ಬರುತ್ತದೆ. "ಬಾದ್ ಮೇ ಕುಛ್ ಯಾದ್ ನಹೀ ರೆಹತಾ," ಆಮೇಲೆ ಅದಕ್ಕೇನೂ ನೆನಪಿರುವುದಿಲ್ಲ ಎಂದು ಡಿಸೋಜಾ ಅದರ ದೋಷವನ್ನು ವಿವರಿಸಿದ. ಪೆದ್ದ ನಾನು, ದೋಷವೆಂದೇ ತಿಳಿದೆ. ಆರನೆಯ ಭಾನುವಾರ ಕಂಪ್ಯೂಟರ್ ಕೊಂಡೆ.

ಹೋಟೆಲಿನವರಲ್ಲಿ ಒಂದು ಕ್ರಮವಿದೆ. ಹೊಸ ಪಾತ್ರೆಯಲ್ಲಿ ಮೊದಲು ಬರೀ ನೀರು ಕಾಯಿಸಿ ಚೆಲ್ಲುತ್ತೇವೆ, ಪರೀಕ್ಷಿಸದೆ ಒಲೆಗೇರಿಸುವುದಿಲ್ಲ. ಕಂಪ್ಯೂಟರನ್ನು ಬಕೆಟ್ಟಿನಲ್ಲಿ ಮುಳುಗಿಸಿದೆ. ಅದು ನನ್ನನ್ನು ಕ್ಯಾರೇ ಅನ್ನಲಿಲ್ಲ. ಆಳ ಸಾಲದು ಎಂದುಕೊಂಡು, ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಮ್ಮ ಸೊಸೈಟಿಯ ನೆಲದಡಿಯ ನೀರಿನ ಟಾಕಿಯ ಮುಚ್ಚಳ ಸರಿಸಿ, ಹಗ್ಗ ಕಟ್ಟಿ ಇಳಿಬಿಟ್ಟೆ. ಸರಕ್ಕನೆ ಎಳೆದಾಗ ಅದು ಕಿರುಚಿತು. ಸೆಕ್ರೆಟರಿ ಕುಲಕರ್ಣಿ ಲುಂಗಿಯಲ್ಲೇ ಓಡಿಬಂದರು.

"ಅಹೋ ರಾವ್, ಹೇ ಪಿಣ್ಯಾಚಂ ಪಾಣೀ ಆಹೇ!"

ಕುಡಿಯುವ ನೀರೆಂದು ನನಗೂ ಗೊತ್ತಿತ್ತು. "ಆಳ ನೋಡ್ತಾ ಇದ್ದೆ" ಎಂದು ಹಿಂದಿಯಲ್ಲಿ ತೊದಲಿದೆ. ಕುಲಕರ್ಣಿಯವರ ಮುಖ ಅರಳಿತು. ಟಾಕಿಯ ಆಳದ ಬಗ್ಗೆ ತೊಳೆಯುವ ಕಂಟ್ರಾಕ್ಟರಿಗೂ ಅವರಿಗೂ ವರ್ಷಗಳಿಂದ ಜಗಳವಂತೆ. ನಾಲ್ಕು ಮೂಲೆಯಲ್ಲೂ ಇಳಿಸಿ ನೋಡಿಸಿದರು. ಮರುದಿನ ನೋಟೀಸ್ ಬೋರ್ಡಿನಲ್ಲಿ ಅಳೆದ ತಾರೀಖು ಹಾಕಿ, ಟಾಕಿಯ ಆಳ ಮೂರು ಪಾಯಿಂಟ್ ಒಂದು ಮೀಟರ್, ಅಳೆದವರು ಶ್ರೀ ರಾವ್ ಎಂದು ಬರೆದರು. ಕಂಪ್ಯೂಟರ್ ಮಾತ್ರ ಒಂದು ವಿಮಾನದ ಚಿತ್ರ ತೋರಿಸತೊಡಗಿತು: ಈಗಷ್ಟೇ ಮುಳುಗಿದ್ದೀರಿ, ಒಂದು ದಿನ ಹಾರಬೇಡಿ ಎಂದರ್ಥ. ಮರುದಿನ ಸಂಕಷ್ಟಿ. ಡಿಸೋಜಾಗೆ ಫೋನ್ ಮಾಡಿ, ದೇವರ ದರ್ಶನಕ್ಕೆ ಟಿಟ್ವಾಳಾ ಲೋಕಲ್‌ನಲ್ಲಿ ಹೋಗಬಹುದೇ ಎಂದು ಕೇಳಿದೆ.

ಮಳೆಗಾಲ ಮುಗಿಯಿತು, ನೆಪಗಳೂ ಮುಗಿದವು. ಮಾಲವಣದ ದೋಣಿಯಲ್ಲಿ ಅನಘಾ ತನ್ನ ತಂಡದೊಡನೆ ಮೊದಲು ಇಳಿದಳು. ನನ್ನನ್ನು ಒಬ್ಬ ತರಬೇತುದಾರ ಕೈಹಿಡಿದು ಇಳಿಸಿದ. ನೀರು ತಲೆಯ ಮೇಲೆ ಮುಚ್ಚಿಕೊಂಡಿತು. ನನ್ನ ಉಸಿರಿನ ಸದ್ದೇ ನನಗೆ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಕೇಳಿಸಿತು. ಹೆಬ್ಬೆರಳು ಮೇಲೆತ್ತಿದೆ, ಮೇಲೆ ಹೋಗೋಣ ಎಂದರ್ಥ. ಒಂದು ಬೆರಳು ಸಾಲದೆಂದು ಎರಡೂ ಎತ್ತಿದೆ.

ಮಗಳು ಮೇಲೆ ಬರುವಷ್ಟರಲ್ಲಿ ನಾನು ಮೀಸೆಯ ವ್ಯಾಸಲೀನ್ ಒರೆಸಿಕೊಂಡು ಗಂಭೀರವಾಗಿ ಕೂತಿದ್ದೆ. "ಕೈಸಾ ಥಾ, ಪಪ್ಪಾ?" ಎಂದಳು. ಗಲ್ಲಾದ ನಾಲಿಗೆ, ದೋಣಿಯವರಿಗೂ ತಿಳಿಯಲೆಂದು ಹಿಂದಿಯಲ್ಲೇ, ತಾನಾಗಿ ಹೊರಟಿತು: "ಹತ್ತು ಮೀಟರ್ ಇರಬಹುದು. ಇಷ್ಟಿಷ್ಟು ದೊಡ್ಡ ಮೀನು!" ದೋಣಿಯವರೆಲ್ಲ ತಿರುಗಿ ನೋಡಿದರು. ಅವಳು ಖುಷಿಯಿಂದ ನನ್ನ ಮಣಿಕಟ್ಟು ಹಿಡಿದು ಗುಂಡಿ ಒತ್ತಿದಳು. ಇವತ್ತಿನದು: ಒಂದು ಪಾಯಿಂಟ್ ಎಂಟು ಮೀಟರ್, ಮೂರು ನಿಮಿಷ. ಮತ್ತೆ ಒತ್ತಿದಳು. ಅದಕ್ಕೆ ಹಿಂದಿನದು: ಮೂರು ಪಾಯಿಂಟ್ ಒಂದು ಮೀಟರ್, ಇಪ್ಪತ್ತಾರು ನಿಮಿಷ. ತಾರೀಖು ನೋಟೀಸ್ ಬೋರ್ಡಿನದೇ.

ಅವಳು ನನ್ನ ಮುಖ ನೋಡಿದಳು. ನಾನು ಸಮುದ್ರ ನೋಡಿದೆ. ಆಮೇಲೆ ಅವಳು ನನ್ನ ಕಿವಿಯ ಹತ್ತಿರ ಬಗ್ಗಿ, ತಡವರಿಸುತ್ತ, ಕನ್ನಡದಲ್ಲಿ ಹೇಳಿದಳು: "ಪಪ್ಪಾ, ನಮ್ಮ ಟಾಕಿಯೇ ಜಾಸ್ತಿ ಆಳ ಅಲ್ವಾ? ಯಾರಿಗೂ ಹೇಳುವುದಿಲ್ಲ."

ದೋಣಿಯಲ್ಲಿ ಕನ್ನಡ ಬರುವವರು ನಾವಿಬ್ಬರೇ. ನನ್ನ ಮಾನ ಕಾಯಲೆಂದೇ ಅವಳು ಆ ಭಾಷೆಯನ್ನು ಹೊರತೆಗೆದಿದ್ದಳು. ನನಗೆ ಅಳು ಬಂತು, ಉಪ್ಪುನೀರೆಂದು ಒರೆಸಿಕೊಂಡೆ. ಆಮೇಲೆ ಅವಳೇ ದೋಣಿಯವರ ಕಡೆ ತಿರುಗಿ ಹಿಂದಿಯಲ್ಲಿ, "ಹಾಂ, ದಸ್ ಮೀಟರ್" ಎಂದಳು.

ಇಷ್ಟಾದ ಮೇಲೆ ಬುದ್ಧಿ ಬರಬೇಕಿತ್ತು, ನಿಜ. ಆದರೆ ಮುಂದಿನ ವಾರ ಗಲ್ಲಾದಲ್ಲಿ ಗಿರಾಕಿಯೊಬ್ಬರು ಮಾಲವಣದ ಸುದ್ದಿ ಕೇಳಿದಾಗ ಹತ್ತು ಮೀಟರ್ ಹನ್ನೆರಡಾಯಿತು. ಆ ಭಾನುವಾರವೇ ವಾಶಿಗೆ ಹೋಗಿ, ಕೆಂಪು ಮುಳ್ಳಿನ ಆ ಮೀಟರ್ ಇನ್ನೂ ಇದೆಯೇ ಎಂದು ಡಿಸೋಜಾನನ್ನು ಕೇಳಿದೆ.